ಶಾಲೆಯ ಲ್ಯಾಬ್‌ಗೆ ಪ್ರಾಕ್ಸಿ: ವಿಂಡೋಸ್, ಉಬುಂಟು, ಮ್ಯಾಕ್ ಮೂರೂ ಇದ್ದರೆ ಎಲ್ಲಿ ಹಾಕಬೇಕು?

ಪ್ರಶ್ನೆ (ಶಿಕ್ಷಕಿ, ಪೊನ್ನಂಪೇಟೆ ಕಡೆ)

ನಮಸ್ಕಾರ ಸರ್. ನಮ್ಮ ಶಾಲೆಯ ಲ್ಯಾಬ್‌ನಲ್ಲಿ ಒಂಬತ್ತು ಕಂಪ್ಯೂಟರ್ ಇವೆ. ಆರು ವಿಂಡೋಸ್, ಎರಡು ಉಬುಂಟು, ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟ ಒಂದು ಮ್ಯಾಕ್. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಸಿಮ್ ಹಾಕಿದ ರೂಟರ್ ಒಂದೇ ಗತಿ. ಆ ದಿನಗಳಲ್ಲಿ ಎರಡನೇ ಪೀರಿಯಡ್ ಬರುವಷ್ಟರಲ್ಲೇ ದಿನದ ಡೇಟಾ ಖಾಲಿ. ಸ್ಕ್ವಿಡ್ ಅಂತ ಒಂದು ಪ್ರಾಕ್ಸಿ (ಕಂಪ್ಯೂಟರ್‌ಗಳ ಪರವಾಗಿ ನಡುವೆ ನಿಂತು ಇಂಟರ್‌ನೆಟ್‌ನಿಂದ ತರಿಸಿಕೊಡುವ ತಂತ್ರಾಂಶ) ಹಾಕಿದರೆ ಒಮ್ಮೆ ಇಳಿದದ್ದನ್ನೇ ಎಲ್ಲ ಕಂಪ್ಯೂಟರ್‌ಗಳಿಗೂ ಕೊಡುತ್ತದೆ ಎಂದು ಕೇಳಿದೆ. ವಿಂಡೋಸ್‌ನಲ್ಲಿ ಹಾಕಲು ಹೋಗಿ ಎರಡು ಶನಿವಾರ ಕಳೆದೆ, ಆಗಲಿಲ್ಲ. ಮೂರೂ ಬಗೆಯ ಕಂಪ್ಯೂಟರ್‌ನಲ್ಲಿ ಹಾಕುವುದು ಹೇಗೆ?

ಉತ್ತರ (ನೆಟ್‌ವರ್ಕ್ ಕೆಲಸದವರು, ಮಡಿಕೇರಿ)

ಮೇಡಂ, ಮೊದಲು ಒಂದು ಸಮಾಧಾನದ ಮಾತು. ಒಂಬತ್ತರಲ್ಲೂ ಹಾಕಬೇಕಾಗಿಲ್ಲ. ಒಂದರಲ್ಲಿ ಹಾಕಿದರೆ ಸಾಕು. ಉಳಿದ ಎಂಟಕ್ಕೆ "ಹೊರಗೆ ಹೋಗುವುದಿದ್ದರೆ ಇವನ ಮೂಲಕ ಹೋಗು" ಎಂದು ವಿಳಾಸ ಹೇಳಿಕೊಟ್ಟರೆ ಆಯಿತು. ಎರಡು ಉಬುಂಟುಗಳಲ್ಲಿ ಒಂದನ್ನು ಇದಕ್ಕೇ ಬಿಡಿ. ಸ್ಕ್ವಿಡ್ 1996ರಲ್ಲಿ ಹುಟ್ಟಿದ್ದು, ಬೆಳೆದದ್ದೆಲ್ಲ ಯೂನಿಕ್ಸ್, ಲಿನಕ್ಸ್ ಮೇಲೆ. ವಿಂಡೋಸ್‌ಗೆ ಬೇರೆಯವರು ಕಟ್ಟಿಕೊಟ್ಟ ಪ್ರತಿಗಳಿವೆ, ಆದರೆ ಹಿಂದೆ ಬಿದ್ದಿರುತ್ತವೆ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ದಾರಿಯೂ ಇದೆ. ಅಲ್ಲಿ ಪ್ರಾಕ್ಸಿ ಒಳಮನೆಯಲ್ಲಿ ಕೂತಂತಾಗುತ್ತದೆ, ಪಕ್ಕದ ಕಂಪ್ಯೂಟರ್ ಬಾಗಿಲು ತಟ್ಟಬೇಕಾದರೆ ಪೋರ್ಟ್ (ಒಳಬರುವ ಅಂಕಿ ಹಾಕಿದ ಬಾಗಿಲು) ತಿರುಗಿಸುವ ಇನ್ನೊಂದು ಕೆಲಸ. ನಿಮ್ಮ ಶನಿವಾರಗಳು ಹೋದದ್ದು ಬಹುಶಃ ಅಲ್ಲೇ. ನಿಮ್ಮ ತಪ್ಪಲ್ಲ.

ಉಬುಂಟುವಿನಲ್ಲಿ ಟರ್ಮಿನಲ್ ತೆಗೆದು "ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಕ್ವಿಡ್" ಎಂದು ಹೊಡೆಯಿರಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಅಲ್ಲಿ ಇಂಗ್ಲಿಷ್ ಸಣ್ಣಕ್ಷರ. ಎರಡು ನಿಮಿಷದಲ್ಲಿ ಕೂತುಬಿಡುತ್ತದೆ, 3128 ಪೋರ್ಟ್‌ನಲ್ಲಿ ಕಾಯುತ್ತದೆ. ಕಂಪ್ಯೂಟರ್ ಆನ್ ಆದಾಗೆಲ್ಲ ತಾನೇ ಶುರುವಾಗುತ್ತದೆ. ಸೆಟ್ಟಿಂಗ್ ಎಲ್ಲ ಇಟಿಸಿ ಫೋಲ್ಡರ್ ಒಳಗಿನ ಸ್ಕ್ವಿಡ್ ಫೋಲ್ಡರ್‌ನ "ಸ್ಕ್ವಿಡ್ ಡಾಟ್ ಕಾನ್ಫ್" ಫೈಲಿನಲ್ಲಿದೆ. ಮುಟ್ಟುವ ಮೊದಲು ಅದರ ಒಂದು ನಕಲು ಇಟ್ಟುಕೊಳ್ಳಿ.

ಈಗ ಬೇಜಾರಿನ ಮಾತು, ಮುಚ್ಚಿಡುವುದಿಲ್ಲ. ಇವತ್ತು ಹೆಚ್ಚುಕಡಿಮೆ ಎಲ್ಲ ವೆಬ್‌ಸೈಟ್‌ಗಳೂ ಎಚ್‌ಟಿಟಿಪಿಎಸ್. ಅಂದರೆ ಬೀಗ ಹಾಕಿದ ಪೆಟ್ಟಿಗೆ. ಸ್ಕ್ವಿಡ್ ಪೆಟ್ಟಿಗೆಯನ್ನು ದಾಟಿಸುತ್ತದೆ, ಒಳಗಿನದನ್ನು ನೋಡಲೂ ಆಗದು, ಎತ್ತಿಡಲೂ ಆಗದು. ಯೂಟ್ಯೂಬ್ ಪಾಠವನ್ನು ಒಂಬತ್ತು ಮಕ್ಕಳು ನೋಡಿದರೆ ಒಂಬತ್ತು ಸಲವೂ ಇಳಿಯುತ್ತದೆ. ಹಾಗಾದರೆ ಯಾಕೆ ಹಾಕಬೇಕು? ಉಬುಂಟುವಿನ ಆಪ್ಟ್ ಅಪ್‌ಡೇಟ್‌ಗಳು ಈಗಲೂ ಸಾಮಾನ್ಯವಾಗಿ ಬರಿ ಎಚ್‌ಟಿಟಿಪಿಯಲ್ಲೇ, ಅಂದರೆ ಬೀಗವಿಲ್ಲದೆ, ಬರುತ್ತವೆ, ಅವನ್ನು ಎತ್ತಿಡಬಹುದು. ಬೇಡದ ಸೈಟ್‌ಗಳನ್ನು ಹೆಸರಿನಿಂದಲೇ ತಡೆಯಬಹುದು. ಡೇಟಾ ತಿಂದವರು ಯಾರು ಅನ್ನುವುದು ಲಾಗ್‌ನಲ್ಲಿ, ಅಂದರೆ ಸ್ಕ್ವಿಡ್ ಬರೆದಿಡುವ ದಾಖಲೆಯಲ್ಲಿ, ಸಿಗುತ್ತದೆ. ನಿಮಗೆ ಈ ಮೂರನೆಯದೇ ಜಾಸ್ತಿ ಉಪಯೋಗ ಅನಿಸುತ್ತದೆ.

ನಿಮ್ಮ ಡೇಟಾ ನುಂಗುತ್ತಿರುವುದು ವಿಂಡೋಸ್ ಅಪ್‌ಡೇಟ್ ಎಂದು ನನ್ನ ಊಹೆ. ಅದಕ್ಕೆ ಪ್ರಾಕ್ಸಿ ಸರಿಯಾದ ಮದ್ದಲ್ಲ. ಅದು ಫೈಲನ್ನು ಚೂರುಚೂರಾಗಿ ಕೇಳುತ್ತದೆ, ಚೂರುಗಳನ್ನು ಸ್ಕ್ವಿಡ್ ಸುಮ್ನೆ ದಾಟಿಸಿಬಿಡುತ್ತದೆ. ಆರೂ ವಿಂಡೋಸ್‌ನಲ್ಲಿ ಅಪ್‌ಡೇಟ್ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ "ಡೆಲಿವರಿ ಆಪ್ಟಿಮೈಸೇಶನ್" ಹುಡುಕಿ ಆನ್ ಮಾಡಿ. ಲೋಕಲ್ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳು ಮಾತ್ರ ಎಂದು ಆರಿಸಿ. ಒಂದು ಇಳಿಸಿಕೊಂಡದ್ದನ್ನು ಉಳಿದವು ಅದರಿಂದ ತೆಗೆದುಕೊಳ್ಳುತ್ತವೆ. ಸಿಮ್ ರೂಟರ್‌ಗೆ ಬದಲಾದ ದಿನ ಆ ಕನೆಕ್ಷನ್ ಅನ್ನು "ಮೀಟರ್ಡ್" (ಡೇಟಾ ಮಿತಿ ಇರುವುದು) ಎಂದು ಗುರುತು ಹಾಕಿ, ದೊಡ್ಡ ಅಪ್‌ಡೇಟ್‌ಗಳು ಹೆಚ್ಚಾಗಿ ತಡೆದು ನಿಲ್ಲುತ್ತವೆ.

ಸ್ಕ್ವಿಡ್‌ಗೆ ಡಿಸ್ಕ್‌ನಲ್ಲಿ ಜಾಗ ಕೊಡುವ "ಕ್ಯಾಶ್ ಡಿರ್" ಸಾಲು ಮೊದಲಿಗೆ ಕಾಮೆಂಟ್ ಆಗಿರುತ್ತದೆ, ಅಂದರೆ ಸ್ಕ್ವಿಡ್ ಅದನ್ನು ಓದುವುದಿಲ್ಲ. ಮುಂದಿನ ಹ್ಯಾಶ್ ಗುರುತು ತೆಗೆದು 20000 ಎಂಬಿ ಕೊಡಿ. ಒಂದು ಜಿಬಿ ಡಿಸ್ಕ್‌ಗೆ ಸುಮಾರು 14 ಎಂಬಿ ರ‍್ಯಾಮ್ ಬೇಕಾಗುತ್ತದೆ, ಅಂದರೆ 20 ಜಿಬಿಗೆ 280 ಎಂಬಿ. ಹಳೆ ಪಿಸಿಗೂ ಕಷ್ಟವಲ್ಲ. ಎತ್ತಿಡುವ ಒಂದು ಫೈಲಿನ ಗರಿಷ್ಠ ಗಾತ್ರ 4 ಎಂಬಿ ಎಂದೇ ಇರುತ್ತದೆ. ಅದನ್ನು 512 ಎಂಬಿ ಮಾಡಿ, ಆ ಸಾಲು ಕ್ಯಾಶ್ ಡಿರ್ ಸಾಲಿಗಿಂತ ಮೇಲಿರಲಿ. ಆಮೇಲೆ ಸ್ಕ್ವಿಡ್ ನಿಲ್ಲಿಸಿ, ಸುಡೊ ಜೊತೆ "ಸ್ಕ್ವಿಡ್" ಎಂದು ಹೊಡೆದು, ಜಾಗ ಬಿಟ್ಟು ಹೈಫನ್, ಅದಕ್ಕೆ ತಾಗಿ ಜೆಡ್. ಫೋಲ್ಡರ್‌ಗಳು ತಯಾರಾಗುತ್ತವೆ. ಮತ್ತೆ ಶುರು ಮಾಡಿ.

ಆ ಕಂಪ್ಯೂಟರ್‌ಗೆ ರೂಟರ್‌ನಲ್ಲಿ ಒಂದೇ ವಿಳಾಸ ಕಾಯಂ ಮಾಡಿ, 192.168.1.10 ಎಂದಿಟ್ಟುಕೊಳ್ಳೋಣ. ಎರಡು ರೂಟರ್‌ಗಳೂ ಅದೇ ಸಾಲಿನ ವಿಳಾಸ ಕೊಡುವಂತೆ ನೋಡಿಕೊಳ್ಳಿ. ಮುಂದಿನದು ಸುಲಭ. ವಿಂಡೋಸ್ 11ರಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ನ "ಪ್ರಾಕ್ಸಿ" ಒಳಗೆ ಮ್ಯಾನ್ಯುಅಲ್. ಮ್ಯಾಕ್‌ನಲ್ಲಿ ವೈಫೈ ಹೆಸರಿನ ಪಕ್ಕದ "ಡೀಟೇಲ್ಸ್", ಅದರೊಳಗೆ ಪ್ರಾಕ್ಸಿಸ್. ಉಬುಂಟುವಿನಲ್ಲಿ ನೆಟ್‌ವರ್ಕ್ ಪ್ರಾಕ್ಸಿ. ಎಲ್ಲ ಕಡೆ ಅದೇ ವಿಳಾಸ, ಅದೇ 3128. ಫೈರ್‌ಫಾಕ್ಸ್‌ನಲ್ಲಿ ಪ್ರಾಕ್ಸಿಗೆ ಬೇರೆ ಸೆಟ್ಟಿಂಗ್ ಇದೆ, ಅದನ್ನೂ ಒಮ್ಮೆ ನೋಡಿ. ಉಬುಂಟುವಿನಲ್ಲಿ ಅಪ್‌ಡೇಟ್ ಇಳಿಸುವ ಆಪ್ಟ್‌ಗೆ ಅದರ ಕಾನ್ಫ್ ಫೈಲಿನಲ್ಲಿ ಬೇರೆಯಾಗಿ ಹೇಳಬೇಕು.

ದಯವಿಟ್ಟು ಮರೆಯಬೇಡಿ: ರೂಟರ್‌ನಲ್ಲಿ 3128 ಅನ್ನು ಹೊರಗಿನವರಿಗೆ ತೆರೆಯಬೇಡಿ. ತೆರೆದಿಟ್ಟ ಪ್ರಾಕ್ಸಿಯನ್ನು ಹುಡುಕಿಕೊಂಡು ಬರುವವರು ಇದ್ದೇ ಇದ್ದಾರೆ. ಅವರು ಮಾಡಿದ ಕಿತಾಪತಿಗೆ ನಿಮ್ಮ ಶಾಲೆಯ ವಿಳಾಸ ಕಾಣುತ್ತದೆ.

ಪ್ರಶ್ನೆ (ಹೋಂಸ್ಟೇ ನಡೆಸುವವರು, ನಾಪೋಕ್ಲು)

ಸರ್, ನನ್ನ ಹತ್ತಿರ ಇರುವುದು ಒಂದು ಮ್ಯಾಕ್ ಮಿನಿ ಮಾತ್ರ. ಗೆಸ್ಟ್‌ಗಳ ವೈಫೈಯನ್ನು ಇದೇ ರೀತಿ ಪ್ರಾಕ್ಸಿ ಮೂಲಕ ಬಿಡಬಹುದಾ? ವಾರಾಂತ್ಯದಲ್ಲಿ ನೆಟ್ ತೆವಳುತ್ತದೆ.

ಉತ್ತರ

ಅಕ್ಕಾ, ಹಾಕುವುದಕ್ಕೇನೋ ಸುಲಭ. ಹೋಮ್‌ಬ್ರೂ (ಮ್ಯಾಕ್‌ನಲ್ಲಿ ಟರ್ಮಿನಲ್‌ನಿಂದ ತಂತ್ರಾಂಶ ಹಾಕುವ ಸಾಧನ) ಇದ್ದರೆ "ಬ್ರೂ ಇನ್‌ಸ್ಟಾಲ್ ಸ್ಕ್ವಿಡ್", ಆಮೇಲೆ "ಬ್ರೂ ಸರ್ವೀಸಸ್ ಸ್ಟಾರ್ಟ್ ಸ್ಕ್ವಿಡ್". ಆದರೆ ಬಂದ ಪ್ರತಿ ನೆಂಟರ ಫೋನ್ ಕೇಳಿ ಪ್ರಾಕ್ಸಿ ವಿಳಾಸ ತುಂಬಲು ಆಗುತ್ತದಾ? ತುಂಬಿದರೂ ಆಂಡ್ರಾಯ್ಡ್‌ನ ಎಷ್ಟೋ ಆ್ಯಪ್‌ಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಮಗೆ ಸ್ಕ್ವಿಡ್ ಬೇಡ.

ಮ್ಯಾಕ್‌ನಲ್ಲೇ "ಕಂಟೆಂಟ್ ಕ್ಯಾಶಿಂಗ್" ಇದೆ. ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್ ಒಳಗೆ. ಆನ್ ಮಾಡಿದರೆ ಐಫೋನ್‌ಗಳ ಅಪ್‌ಡೇಟ್, ಆ್ಯಪ್‌ಗಳನ್ನು ಒಮ್ಮೆ ಇಳಿಸಿ ಉಳಿದವರಿಗೆ ಅಲ್ಲಿಂದಲೇ ಕೊಡುತ್ತದೆ. ಗೆಸ್ಟ್ ಏನನ್ನೂ ಮುಟ್ಟಬೇಕಾಗಿಲ್ಲ. ಆಪಲ್ ಸಾಮಾನುಗಳಿಗೆ ಮಾತ್ರ. ಮ್ಯಾಕ್ ಅನ್ನು ಲ್ಯಾನ್ ತಂತಿಯಲ್ಲಿ ರೂಟರ್‌ಗೆ ಸೇರಿಸಿ. ಉಳಿದದ್ದಕ್ಕೆ ರೂಟರ್‌ನ ಗೆಸ್ಟ್ ನೆಟ್‌ವರ್ಕ್‌ಗೆ ವೇಗದ ಮಿತಿ ಹಾಕಿ.

ಪ್ರಶ್ನೆ (ತೋಟದ ರೈಟರ್, ಸುಂಟಿಕೊಪ್ಪ)

ಅಣ್ಣಾ, ಇಂಟರ್‌ನೆಟ್‌ನಲ್ಲಿ ಫ್ರೀ ಪ್ರಾಕ್ಸಿ ವಿಳಾಸಗಳ ಪಟ್ಟಿ ಸಿಗುತ್ತದಲ್ಲ, ಹಾಕಿಕೊಳ್ಳಬಹುದಾ? ಕುಶಾಲನಗರದ ಆಫೀಸ್ ಕಂಪ್ಯೂಟರ್‌ನಲ್ಲಿರುವ ಹಾಜರಿ ಪುಟವನ್ನು ತೋಟದಿಂದ ನೋಡಬೇಕು.

ಉತ್ತರ

ಬೇಡ. ನಿಮ್ಮ ಕೆಲಸಕ್ಕೆ ಅದು ಆಗುವುದೂ ಇಲ್ಲ. ಆ ಪ್ರಾಕ್ಸಿ ಯಾರದ್ದೋ ಮನೆ. ನೀವು ಎಲ್ಲಿಗೆ ಹೋದಿರಿ ಎಂದು ಅವನಿಗೆ ಕಾಣುತ್ತದೆ, ಬೀಗವಿಲ್ಲದ ಪುಟದಲ್ಲಿ ಹೊಡೆದ ಪಾಸ್‌ವರ್ಡ್ ಕೂಡ. ಆಳುಗಳ ಸಂಬಳದ ಲೆಕ್ಕ ಇರುವ ಕಂಪ್ಯೂಟರ್ ಅಲ್ವಾ ಅದು.

ಆಫೀಸ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಬೀಗ ಹಾಕಿದ ದಾರಿಯಲ್ಲಿ ಒಳಹೋಗುವ ವಿಧಾನ) ಲಾಗಿನ್ ಇದ್ದರೆ ಹೊಸದೇನೂ ಹಾಕಬೇಕಾಗಿಲ್ಲ. ವಿಂಡೋಸ್ 10ರಲ್ಲಿ 2018ರಿಂದ ಅದು ಒಳಗೇ ಬರುತ್ತದೆ, ಮ್ಯಾಕ್, ಲಿನಕ್ಸ್‌ನಲ್ಲಿ ಮೊದಲಿನಿಂದ ಇದೆ. ಎಸ್‌ಎಸ್‌ಎಚ್ ಆದೇಶದ ಜೊತೆ ಹೈಫನ್, ದೊಡ್ಡಕ್ಷರದ ಡಿ, 1080 ಸೇರಿಸಿ ಲಾಗಿನ್ ಆಗಿ. ಬ್ರೌಸರ್‌ನಲ್ಲಿ ಸಾಕ್ಸ್ ಪ್ರಾಕ್ಸಿ ಎಂದು 127.0.0.1, ಪೋರ್ಟ್ 1080 ಕೊಡಿ. ಬ್ರೌಸರ್ ಆಫೀಸ್‌ನಲ್ಲೇ ಕೂತಂತೆ ಕೆಲಸ ಮಾಡುತ್ತದೆ. ಆ ಟರ್ಮಿನಲ್ ಕಿಟಕಿ ಮುಚ್ಚಿದರೆ ದಾರಿಯೂ ಮುಚ್ಚುತ್ತದೆ. ಲಾಗಿನ್ ಇಲ್ಲದಿದ್ದರೆ ಆಫೀಸ್‌ನವರನ್ನೇ ಕೇಳಿ ಮಾಡಿಸಿಕೊಳ್ಳಿ.

ಮತ್ತೆ ಪ್ರಶ್ನೆ (ಶಿಕ್ಷಕಿ)

ಸರ್, ಹಾಕಿದೆ. ಆದರೆ ಯಾವ ಕಂಪ್ಯೂಟರ್‌ನಲ್ಲೂ ಪುಟ ತೆರೆಯುತ್ತಿಲ್ಲ. ಲಾಗ್‌ನಲ್ಲಿ ಪ್ರತಿ ಸಾಲಿನಲ್ಲೂ "ಟಿಸಿಪಿ ಡಿನೈಡ್", ಪಕ್ಕದಲ್ಲಿ 403. ನಮ್ಮ ನೆಟ್‌ವರ್ಕ್‌ಗೆ ಅನುಮತಿ ಕೊಡುವ "ಅಲೋ ಲೋಕಲ್‌ನೆಟ್" ಸಾಲನ್ನು ಫೈಲಿನ ಕೊನೆಗೆ ಸೇರಿಸಿದ್ದೇನೆ.

ಉತ್ತರ

ಅಲ್ಲೇ ಇರುವುದು ಮೇಡಂ. ಸ್ಕ್ವಿಡ್ ಈ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಹೊಂದಿದ ಮೊದಲ ಸಾಲಿಗೇ ನಿಂತುಬಿಡುತ್ತದೆ. ಫೈಲಿನಲ್ಲಿ ಮೊದಲೇ "ಡಿನೈ ಆಲ್" ಎಂದು ಒಂದು ಸಾಲಿದೆ. ನಿಮ್ಮದು ಅದರ ಕೆಳಗೆ ಬಿತ್ತು, ಅಲ್ಲಿಗೆ ಅದು ಬರುವುದೇ ಇಲ್ಲ. ನಿಮ್ಮ ಸಾಲನ್ನು ಕತ್ತರಿಸಿ ಡಿನೈ ಆಲ್‌ಗಿಂತ ಮೇಲೆ ಅಂಟಿಸಿ. ಡಿನೈ ಆಲ್ ಅಳಿಸಬೇಡಿ, ಅದು ಬೇಕು. ಸ್ಕ್ವಿಡ್ ರೀಸ್ಟಾರ್ಟ್ ಮಾಡಿ. ತಡೆಯಬೇಕಾದ ಸೈಟ್‌ಗಳ ಸಾಲು ಅಲೋಗಿಂತಲೂ ಮೇಲೆ ಬರಬೇಕು.

ಮುಂಗಾರಿಗೆ ಮುಂಚಿನ ಗುಡುಗು ಶುರುವಾದ ಮೇಲೆ ಸಂಜೆ ಹೊರಡುವಾಗ ಪವರ್ ಜೊತೆ ಲ್ಯಾನ್ ತಂತಿಯನ್ನೂ ಕಿತ್ತಿಡಿ. ಸಿಡಿಲು ತಂತಿಯಲ್ಲಿ ಬಂದು ಲ್ಯಾನ್ ಪೋರ್ಟ್ ಸುಟ್ಟ ಕಂಪ್ಯೂಟರ್‌ಗಳು ನನ್ನ ಟೇಬಲ್‌ಗೆ ಬರುತ್ತಲೇ ಇರುತ್ತವೆ. ಇನ್ನೊಂದು, ಪ್ರಾಕ್ಸಿ ಕಂಪ್ಯೂಟರ್ ಆಫ್ ಇದ್ದರೆ ಉಳಿದ ಎಂಟಕ್ಕೂ ನೆಟ್ ಇಲ್ಲ. ಬೆಳಗ್ಗೆ ಮೊದಲು ಅದನ್ನು ಆನ್ ಮಾಡಲು ಮಕ್ಕಳಲ್ಲಿ ಒಬ್ಬರಿಗೆ ಜವಾಬ್ದಾರಿ ಕೊಡಿ.

ಶಿಕ್ಷಕಿ

ಸಾಲು ಮೇಲೆ ಹಾಕಿದ ಕೂಡಲೇ ಬಂತು ಸರ್! ಇನ್ನೊಂದು ಉಬುಂಟುವಿಗೆ ಅಪ್‌ಡೇಟ್ ಕೊಟ್ಟೆ, ಮೊದಲ ಸಲ "ಟಿಸಿಪಿ ಮಿಸ್" (ಹೊರಗಿನಿಂದ ಇಳಿದದ್ದು) ಎಂದು ಸಾಲುಸಾಲು ಬಂತು. ಈಗ ಪ್ರಾಕ್ಸಿ ಇರುವ ಉಬುಂಟುವಿಗೇ ಅದೇ ಅಪ್‌ಡೇಟ್ ಕೊಟ್ಟೆ, "ಟಿಸಿಪಿ ಹಿಟ್" (ಎತ್ತಿಟ್ಟದ್ದರಿಂದಲೇ ಕೊಟ್ಟದ್ದು) ಅಂತಿದೆ. ಮಕ್ಕಳು ಸ್ಕ್ರೀನ್ ಸುತ್ತ ನಿಂತು ಎಣಿಸುತ್ತಿದ್ದಾರೆ. ಆದರೆ ಬ್ರೌಸರ್ ತೆರೆದರೆ ಬರೀ "ಟಿಸಿಪಿ ಟನಲ್".

ಉತ್ತರ

ಟನಲ್ ಅಂದರೆ ನಾನು ಹೇಳಿದ ಆ ಬೀಗದ ಪೆಟ್ಟಿಗೆ. ಸರಿಯಾಗಿಯೇ ಇದೆ, ಬಿಡಿ. ಪಾಠದ ವಿಡಿಯೋಗಳನ್ನು ಫೈಬರ್ ಇರುವ ದಿನ ಇಳಿಸಿ ಅದೇ ಕಂಪ್ಯೂಟರ್‌ನ ಶೇರ್ಡ್ ಫೋಲ್ಡರ್‌ಗೆ ಹಾಕಿ. ಕಿವಿಕ್ಸ್ ಅಂತ ಒಂದು ತಂತ್ರಾಂಶ ಇದೆ, ಕನ್ನಡ ವಿಕಿಪೀಡಿಯ ಇಡೀ ಒಂದೇ ಫೈಲಿನಲ್ಲಿ ಸಿಗುತ್ತದೆ, ನೆಟ್ ಇಲ್ಲದೆ ಎಲ್ಲ ಕಂಪ್ಯೂಟರ್‌ಗೂ ಬಡಿಸಬಹುದು. ಆ ಉಬುಂಟುವಿನಲ್ಲೇ ಹಾಕಬಹುದು. ಈ ಶನಿವಾರ ಬಿಡುವಿದ್ದರೆ ಲಾಗ್‌ನ ಒಂದು ದಿನದ ಪ್ರತಿ ಇಲ್ಲಿ ಹಾಕಿ, ಯಾರು ಎಷ್ಟು ತಿಂದಿದ್ದಾರೆ ಎಂದು ಕೂತು ನೋಡೋಣ. ಸೈಟ್‌ಗಳ ಹೆಸರು ಇರಲಿ, ಯಾವ ಮಗು ಯಾವ ಕಂಪ್ಯೂಟರ್‌ನಲ್ಲಿ ಕೂತಿತ್ತು ಎಂಬುದನ್ನು ಮಾತ್ರ ಹಾಕಬೇಡಿ.