ದಿ ಬ್ಲ್ಯಾಕ್ ಪೈರೇಟ್ (1926): ಸಮುದ್ರ ನೀಲಿ ಬರ್ತಾನೇ ಇಲ್ಲ, ಟಿವಿ ಕೆಟ್ಟಿದೆಯಾ?

ಸೆಕೆಂಡ್‌ಶೋ: ನಿನ್ನೆ ರಾತ್ರಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಅವರ ಕಡಲ್ಗಳ್ಳರ ಮೂಕಿ ಚಿತ್ರ ಹಾಕಿದೆ, ರಿಸ್ಟೋರ್ ಮಾಡಿದ ಪ್ರತಿ. ಮುಖಗಳೆಲ್ಲ ಇಟ್ಟಿಗೆ ಬಣ್ಣ, ಸಮುದ್ರ ಪಾಚಿ ಹಸಿರು, ಆಕಾಶ ಬೆಳ್ಳಗೆ ಸಪ್ಪೆ. ಕಲರ್ 50ರಿಂದ 75ಕ್ಕೆ ಏರಿಸಿದೆ. ಹೀರೋ ಇನ್ನಷ್ಟು ಕೆಂಪಾದರೇ ಹೊರತು ನೀಲಿ ಬರಲಿಲ್ಲ. ಕೇಬಲ್ ಕೂಡ ಬದಲಾಯಿಸಿ ನೋಡಿದೆ. ಪ್ಯಾನೆಲ್ ಹೋಯ್ತಾ?

ಹಳೇರೀಲು: ಬೇರೆ ಕಡೆ ನೀಲಿ ಸರಿ ಬರುತ್ತಾ ಸರ್?

ಸೆಕೆಂಡ್‌ಶೋ: ಬರುತ್ತೆ. ಕ್ರಿಕೆಟ್‌ನಲ್ಲಿ ನಮ್ಮವರ ಜೆರ್ಸಿ ನೀಲಿಯೇ ಇದೆ.

ಹಳೇರೀಲು: ಹಾಗಾದರೆ ಟಿವಿ ತಪ್ಪಲ್ಲ, ಸುಮ್ನೆ ಮೆಕ್ಯಾನಿಕ್ ಕರೆಸಬೇಡಿ. ಈ ಚಿತ್ರ ತೆಗೆದದ್ದು ಟೆಕ್ನಿಕಲರ್ ಅನ್ನೋ ಕಂಪನಿಯ ಬಣ್ಣದ ಫಿಲ್ಮ್ ವಿಧಾನದಲ್ಲಿ, ಆಗ ಅದಕ್ಕೆ ಇದ್ದದ್ದೇ ಎರಡು ಬಣ್ಣ. ಕ್ಯಾಮೆರಾದೊಳಗೆ ಒಂದು ಪ್ರಿಸಮ್ ಬೆಳಕನ್ನು ಸೀಳಿ, ಕೆಂಪು ಮತ್ತು ಹಸಿರು ಫಿಲ್ಟರ್ ಮೂಲಕ ಕಪ್ಪು-ಬಿಳುಪು ಫಿಲ್ಮ್ ಮೇಲೆ ಎರಡು ಚಿತ್ರ ಮೂಡಿಸುತ್ತಿತ್ತು. ಪ್ರಿಂಟ್ ಮಾಡುವಾಗ ಒಂದಕ್ಕೆ ಕೆಂಪು-ಕಿತ್ತಳೆ, ಇನ್ನೊಂದಕ್ಕೆ ನೀಲಿ ಬೆರೆತ ಹಸಿರು ಹಾಕಿ, ತೆಳ್ಳನೆಯ ಎರಡು ಫಿಲ್ಮ್‌ಗಳನ್ನು ಬೆನ್ನಿಗೆ ಬೆನ್ನು ಅಂಟಿಸುತ್ತಿದ್ದರು. ಅಪ್ಪಟ ನೀಲಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಫೇರ್‌ಬ್ಯಾಂಕ್ಸ್ ಅವರಿಗೇ ಬಣ್ಣ ಕಣ್ಣಿಗೆ ಹೊಡೆಯಬಾರದು, ಹಳೆಯ ತೈಲಚಿತ್ರದ ಹಾಗೆ ಇರಬೇಕು ಅಂತಿತ್ತು.

ನಿಜವಾದ ತೊಂದರೆ ಆಗಿನ ಥಿಯೇಟರ್ ಆಪರೇಟರ್‌ಗಳದ್ದು. ಅಂಟಿಸಿದ ಫಿಲ್ಮ್ ಪ್ರೊಜೆಕ್ಟರ್ ಬಿಸಿಗೆ ಬಟ್ಟಲಿನ ಹಾಗೆ ಬಾಗುತ್ತಿತ್ತು, ಫೋಕಸ್ ತಪ್ಪುತ್ತಿತ್ತು. ಸರಿ ಮಾಡಿಕೊಂಡರೆ ಆಮೇಲೆ ಇನ್ನೊಂದು ಕಡೆಗೆ ಬಾಗುವುದು! ಕೊನೆಗೆ ಟೆಕ್ನಿಕಲರ್‌ನವರು ಬಾಗಿದ ರೀಲುಗಳನ್ನು ಬಾಸ್ಟನ್‌ಗೆ ತರಿಸಿಕೊಂಡು ಸಪಾಟು ಮಾಡಿ ಕಳಿಸಬೇಕಾಯಿತು.

ನೀವು ಪಿಕ್ಚರ್ ಸೆಟ್ಟಿಂಗ್ ಪೂರ್ತಿ ರೀಸೆಟ್ ಮಾಡಿ. ವಿವಿಡ್ ಬಿಟ್ಟು ಸಿನಿಮಾ ಮೋಡ್‌ಗೆ ಹಾಕಿ, ಅಷ್ಟೇ.

ಸೆಕೆಂಡ್‌ಶೋ: ಮುಖಗಳು ಈಗ ಮನುಷ್ಯರ ಹಾಗಿವೆ! ಆದರೆ ಹೀರೋ ಹಾಯಿಗೆ ಚೂರಿ ಚುಚ್ಚಿ ಸೀಳಿಕೊಂಡೇ ಜಾರಿ ಇಳಿಯುತ್ತಾರಲ್ವಾ, ಅಲ್ಲಿ ಚೂರಿ ಸುತ್ತ ಏನೋ ನೀರಿನ ಹಾಗೆ ಅಲುಗಾಡುತ್ತೆ.

ಹಳೇರೀಲು: ಅದು ಮೋಷನ್ ಸ್ಮೂತಿಂಗ್ ಕಿತಾಪತಿ. ಎರಡು ಫ್ರೇಮ್ ನಡುವೆ ಟಿವಿ ತಾನೇ ಒಂದು ಚಿತ್ರ ಊಹಿಸಿ ತುರುಕುತ್ತೆ. ಮೆನುವಿನಲ್ಲಿ ಹೆಸರು ಒಂದೊಂದು ಟಿವಿಯಲ್ಲಿ ಒಂದೊಂದು ತರ. 'ಮೋಷನ್' ಅಂತ ಏನೇ ಕಂಡರೂ ಆಫ್ ಮಾಡಿ.

ಸೆಕೆಂಡ್‌ಶೋ: ಆಫ್ ಮಾಡಿದೆ, ಚೂರಿ ಸರಿಯಾಯ್ತು. ಆಕಾಶ ಬೆಳ್ಳಗೇ ಇದೆ, ಇರಲಿ ಬಿಡಿ. ಪಕ್ಕದಲ್ಲಿ ಕೂತಿದ್ದ ಅಪ್ಪ "ನಮ್ಮ ಮನೇಲಿದ್ದ ಹಳೇ ಕ್ಯಾಲೆಂಡರ್ ಪಟದ ತರ ಇದೆ ಕಣೋ" ಅಂದರು. ಮಲಗುತ್ತೇನೆ ಅಂದವರು ಕೊನೆವರೆಗೂ ಎದ್ದಿಲ್ಲ.