‘ವಿಧೇಯ ವಿದ್ಯಾರ್ಥಿನಿ’ ಅಂದರೆ ಹೇಳಿದ್ದೆಲ್ಲ ಮಾಡುವವಳೇ?

ಅಂಕೋಲೆಯ ಕನ್ನಡ ಟೀಚರ್:

ಎಂಟನೇ ತರಗತಿಗೆ ರಜಾ ಅರ್ಜಿ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ಒಬ್ಬಳು ಎದ್ದು, ‘ಟೀಚರ್, ವ್ಯಾಕರಣದಲ್ಲಿ ಉದ್ದೇಶ್ಯ, ವಿಧೇಯ ಅಂತ ಬರ್ತದಲ್ಲ, ಅದೇ ವಿಧೇಯವಾ?’ ಅಂದಳು. ಇಲ್ಲಿ ಹೇಳಿದ ಮಾತು ಕೇಳುವವಳು ಅಂತ ಅರ್ಥ ಎಂದೆ. ‘ತಪ್ಪು ಹೇಳಿದ್ರೂ ಕೇಳ್ಬೇಕಾ?’ ಅಂತ ಇನ್ನೊಬ್ಬಳು. ನಾಳೆ ಇದರ ಬಗ್ಗೆಯೇ ಒಂದು ಪೂರ್ತಿ ಪಿರಿಯಡ್ ಮಾತಾಡೋಣ ಎಂದು ಹೇಳಿ ಬಂದಿದ್ದೇನೆ.

ವಿಧೇಯತೆ, ವಿನಯ, ಆಜ್ಞಾಪಾಲನೆ, ಶರಣಾಗತಿ, ಗುಲಾಮಗಿರಿ ಇವುಗಳ ನಡುವಿನ ಗೆರೆ ಎಲ್ಲಿದೆ? ನಿಘಂಟಿನ ಅರ್ಥ ನನ್ನ ಹತ್ತಿರ ಇದೆ. ನಿಮ್ಮ ನಿಮ್ಮ ಕೆಲಸದಲ್ಲಿ ಕಂಡದ್ದು ಇದ್ದರೆ ಬರೆಯಿರಿ, ಮಕ್ಕಳಿಗೆ ಓದಿ ಹೇಳುತ್ತೇನೆ.

ಪದಪ್ರೇಮಿ:

ಮೊದಲನೆಯವಳ ಊಹೆ ಸರಿ, ಪದ ಒಂದೇ. ‘ಧಾ’ ಧಾತುವಿನ ಹಿಂದೆ ‘ವಿ’ ಸೇರಿ ವಿಧಿ, ವಿಧಾನ, ವಿಧೇಯ, ವಿಧೇಯಕ ಎಲ್ಲ ಹುಟ್ಟಿವೆ. ಉದ್ದೇಶ್ಯದ ಬಗ್ಗೆ ಏನನ್ನು ಹೇಳುತ್ತೇವೋ ಅದು ವಾಕ್ಯದ ವಿಧೇಯ. ವಿಧಿಸಿದ್ದಕ್ಕೆ ಒಳಪಟ್ಟು ನಡೆಯುವವನು ವಿಧೇಯ ಮನುಷ್ಯ. ವಿನಯದ ಮೂಲ ಬೇರೆ, ಅದು ‘ನೀ’ ಧಾತು, ಅಂದರೆ ಮುನ್ನಡೆಸು. ತರಬೇತಿ, ಶಿಸ್ತು ಎಂಬ ಅರ್ಥ ಅದಕ್ಕೆ ಹಿಂದಿನಿಂದಲೂ ಇತ್ತು. ಬೌದ್ಧ ಭಿಕ್ಷುಗಳ ನಿಯಮಗಳ ಸಂಗ್ರಹಕ್ಕೆ ವಿನಯ ಪಿಟಕ ಎಂದು ಹೆಸರು ಬಂದದ್ದು ಹಾಗೆ.

ನಿವೃತ್ತ ಸಿಸ್ಟರ್:

ಅಕ್ಕೋರೇ, ನಿಮ್ಮ ಪಟ್ಟಿಗೆ ಇನ್ನೊಂದು ಪದ ಸೇರಿಸಿ: ಶುಶ್ರೂಷೆ. ನನ್ನ ಇಡೀ ನೌಕರಿಯೇ ಆ ಪದದ ಕೆಳಗೆ ನಡೆದದ್ದು. ಅದು ‘ಶ್ರು’ ಧಾತುವಿನಿಂದ ಬಂದದ್ದು, ಕೇಳಿಸಿಕೊಳ್ಳಬೇಕೆಂಬ ಇಚ್ಛೆ ಅಂತ ಮೂಲಾರ್ಥ. ಅದರಿಂದ ಹೇಳಿದಂತೆ ನಡೆಯುವುದು, ಅದರಿಂದ ಸೇವೆ, ಆಮೇಲೆ ರೋಗಿಯ ಆರೈಕೆ.

ವಾರ್ಡಿನಲ್ಲಿ ಡಾಕ್ಟರ ಆರ್ಡರ್ ಪಾಲಿಸುವುದು ಕೆಲಸದ ಅರ್ಧ. ಅದು ಸಣ್ಣದಲ್ಲ. ಹೊತ್ತಿಗೆ ಸರಿಯಾಗಿ ಆ್ಯಂಟಿಬಯೋಟಿಕ್ ಬೀಳದಿದ್ದರೆ ರೋಗಿ ಸೋಲುತ್ತಾನೆ. ಇನ್ನರ್ಧ ಕೆಲಸ, ಆರ್ಡರ್ ಕೈಗೆ ಬಂದ ಮೇಲೆ ನೋಡುವುದು: ರೋಗಿ ಇವರೇನಾ, ಔಷಧಿ ಇದೇನಾ, ಪ್ರಮಾಣ, ಕೊಡುವ ದಾರಿ, ಹೊತ್ತು. ಫೋನಿನಲ್ಲಿ ಹೇಳಿದರೆ ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳಬೇಕು. ಬಂದಾಗ ಸಹಿ ಮಾಡಿಸಿಕೊಳ್ಳಬೇಕು.

ಒಂದು ರಾತ್ರಿ ಪಾಳಿ. ಸಕ್ಕರೆ ಕಾಯಿಲೆಯ ಅಜ್ಜ, ಊಟ ಬೇಡವೆಂದು ತಟ್ಟೆ ಸರಿಸಿದ್ದರು. ಕೇಸ್ ಶೀಟಿನಲ್ಲಿ ಇನ್ಸುಲಿನ್ 100 ಎಂದು ಕಾಣುತ್ತಿತ್ತು. 10 ಬರೆದು ಪಕ್ಕದಲ್ಲಿ ಯೂನಿಟ್ ಎನ್ನಲು ಇಂಗ್ಲಿಷಿನ ‘ಯು’ ಹಾಕಿದರೆ ಅವಸರದ ಅಕ್ಷರದಲ್ಲಿ ಅದು ಸೊನ್ನೆಯಾಗಿಬಿಡುತ್ತದೆ. ಯೂನಿಟ್ ಎಂದು ಪೂರ್ತಿ ಬರೆಯಿರಿ ಅಂತ ಹೇಳುವುದು ಇದಕ್ಕೇ. ಫೋನ್ ಮಾಡಿದೆ. ನಿದ್ದೆಗಣ್ಣಿನ ಡಾಕ್ಟರು ‘ಬರೆದಷ್ಟು ಕೊಡಿ ಸಿಸ್ಟರ್’ ಎಂದು ಇಟ್ಟುಬಿಟ್ಟರು. ನಾನು ಕೊಡಲಿಲ್ಲ. ಇನ್ನೊಮ್ಮೆ ಫೋನ್ ಮಾಡಿ, ‘ಅಜ್ಜ ಊಟ ಮಾಡಿಲ್ಲ, ಶೀಟಿನಲ್ಲಿ ನೂರು ಅಂತ ಕಾಣ್ತದೆ, ಬಂದು ನೋಡಿ ಸರ್’ ಎಂದೆ. ಬಂದರು. ನೋಡಿದರು. ಹೊಡೆದುಹಾಕಿ ಹೊಸದಾಗಿ ಬರೆದರು. ಆ ರಾತ್ರಿ ನಾನು ಅವಿಧೇಯಳಾಗಿದ್ದೆ ಎಂದು ನನಗೆ ಅನಿಸಿಲ್ಲ.

ಆದರೆ ಪ್ರಶ್ನೆ ಕೇಳದೆ ಕೊಟ್ಟುಬಿಡುವುದು ಎಷ್ಟು ಸುಲಭ ಎಂದು ಅಮೆರಿಕದಲ್ಲಿ ಹಾಫ್ಲಿಂಗ್ ಎಂಬ ಮನೋವೈದ್ಯರು ತೋರಿಸಿದ್ದಾರೆ. 1966ರಲ್ಲಿ ಪ್ರಕಟವಾದ ಪ್ರಯೋಗ ಅದು. ಗುರುತಿಲ್ಲದ ಡಾಕ್ಟರೊಬ್ಬರು ಫೋನಿನಲ್ಲಿ 20 ಮಿಲಿಗ್ರಾಂ ಕೊಡಿ ಎನ್ನುತ್ತಾರೆ. ಡಬ್ಬಿಯ ಮೇಲೆ ದಿನಕ್ಕೆ 10ಕ್ಕಿಂತ ಹೆಚ್ಚು ಬೇಡ ಎಂದು ಬರೆದಿದೆ. 22 ನರ್ಸ್‌ಗಳಲ್ಲಿ 21 ಮಂದಿ ಕೊಡಲು ಹೊರಟರು (ಅದು ಅಪಾಯವಿಲ್ಲದ ಗುಳಿಗೆ, ನಡುವೆಯೇ ತಡೆದರು). 1977ರಲ್ಲಿ ಬೇರೆಯವರು ಇಂಥದೇ ಪ್ರಯೋಗ ಮಾಡಿದಾಗ ಔಷಧಿ ಪರಿಚಿತವಾಗಿತ್ತು, ಜೊತೆಯವರನ್ನು ಕೇಳಲೂ ಅವಕಾಶವಿತ್ತು. 18ರಲ್ಲಿ ಇಬ್ಬರು ಮಾತ್ರ ಕೊಡಲು ಮುಂದಾದರು. ಮೊದಲಿನವರು ಕೆಟ್ಟವರು, ಇವರು ಧೈರ್ಯವಂತರು ಎಂದಲ್ಲ. ಇವರಿಗೆ ಔಷಧಿ ಗೊತ್ತಿತ್ತು, ಪಕ್ಕದಲ್ಲಿ ಕೇಳಲು ಒಬ್ಬರಿದ್ದರು.

ನಮ್ಮ ವೃತ್ತಿಯ ನೀತಿಸಂಹಿತೆಯೂ ಬದಲಾಗಿದೆ. ಅಂತಾರಾಷ್ಟ್ರೀಯ ನರ್ಸ್‌ಗಳ ಪರಿಷತ್ತು 1953ರಲ್ಲಿ ಮಾಡಿದ ಸಂಹಿತೆಯಲ್ಲಿ ವೈದ್ಯರ ಆದೇಶವನ್ನು ಬುದ್ಧಿಯಿಂದ, ನಿಷ್ಠೆಯಿಂದ ನಡೆಸಬೇಕೆಂಬ ಮಾತಿತ್ತು. 1973ರಲ್ಲಿ ಅದನ್ನು ಪರಿಷ್ಕರಿಸಿ, ನರ್ಸಿನ ಮೊದಲ ಹೊಣೆ ಆರೈಕೆ ಬೇಕಾದ ಜನರಿಗೆ ಎಂದರು. ನೀವು ಕೇಳಿದ ಗೆರೆ ನನಗೆ ಕಾಣುವುದು ಅಲ್ಲಿ. ಯಾರು ಹೇಳಿದರು ಎಂಬುದಕ್ಕೆ ಮಾತ್ರ ಕಿವಿಗೊಟ್ಟರೆ ಗುಲಾಮಗಿರಿ. ಯಾರಿಗಾಗಿ ಹೇಳಿದರು ಎಂಬುದೂ ನೆನಪಿದ್ದರೆ ಅದನ್ನು ವಿಧೇಯತೆ ಎನ್ನುತ್ತೇನೆ.

ಗಂಗಾವಳಿ ತೀರ:

ಸಿಸ್ಟರ್ ಮಾತಿಗೆ ಜೋಡಿಸುತ್ತೇನೆ. ಮಕ್ಕಳಿಗೆ ಮೂವರ ಕತೆ ಹೇಳಿ: ಅಪ್ಪನ ಮಾತು ಉಳಿಸಲು ಕಾಡಿಗೆ ಹೋದ ರಾಮ, ಅಪ್ಪನ ಮಾತಿಗೆ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮ, ಅಪ್ಪನ ಮಾತು ಮೀರಿದ ಪ್ರಹ್ಲಾದ. ಮೂವರನ್ನೂ ನಮ್ಮ ಜನ ಕೊಂಡಾಡುತ್ತಾರೆ. ಪರಶುರಾಮನ ಅಣ್ಣಂದಿರು ಒಲ್ಲೆವೆಂದು ಶಾಪ ತಿಂದರು, ಅವರ ಹೆಸರು ಯಾರೂ ಎತ್ತುವುದಿಲ್ಲ. ಅವರ ಬಗ್ಗೆ ಮಕ್ಕಳೇ ವಾದ ಮಾಡಲಿ.

ನಿಮ್ಮೂರಿನದೇ ಉದಾಹರಣೆಯೂ ಇದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಅಂಕೋಲಾ, ಸಿದ್ದಾಪುರ ಕಡೆಯ ರೈತರು ಕರನಿರಾಕರಣೆಗಿಳಿದು ಜಮೀನು ಕಳೆದುಕೊಂಡರು. ಆ ಚಳವಳಿಯ ಹೆಸರು ಸವಿನಯ ಕಾನೂನುಭಂಗ. ವಿನಯ ಉಳಿಸಿಕೊಂಡೇ ಅಪ್ಪಣೆ ಮೀರಬಹುದು ಎಂದು ಅವರು ಮಾಡಿ ತೋರಿಸಿದರು.

ಅಂಕೋಲೆಯ ಕನ್ನಡ ಟೀಚರ್:

ಎಲ್ಲರಿಗೂ ವಂದನೆ. ಸಿಸ್ಟರ್, ಒಂದು ಕೇಳಲೇ? ದೊಡ್ಡವರಿಗೆ ಎದುರು ಮಾತಾಡಿದಂತೆ ಆಗದ ಹಾಗೆ ಅದನ್ನು ಹೇಳುವುದು ಹೇಗೆ? ನನ್ನ ಮಕ್ಕಳಿಗೆ ಅಲ್ಲೇ ಬಾಯಿ ಕಟ್ಟುತ್ತದೆ.

ನಿವೃತ್ತ ಸಿಸ್ಟರ್:

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಕಲಿಸಿದ್ದು ಹೀಗೆ: ‘ಆಗಲ್ಲ’ ಅಂತ ಶುರು ಮಾಡಬೇಡ, ‘ನೀವು ತಪ್ಪು’ ಅಂತಲೂ ಬೇಡ. ಕಣ್ಣಿಗೆ ಕಂಡದ್ದನ್ನು ಮೊದಲು ಹೇಳು, ಆಮೇಲೆ ಕೇಳು. ಅಷ್ಟಾದರೂ ಅವರು ಹಟ ಹಿಡಿದರೆ ಮೇಲಿನವರಿಗೆ ತಿಳಿಸು, ಗಂಟೆ ಹಾಕಿ ಬರೆದಿಡು. ಮಕ್ಕಳಿಗೆ ಮೊದಲೆರಡು ಸಾಕು. ತರಗತಿಯಲ್ಲಿ ಬೇಕೆಂದೇ ಒಂದು ಲೆಕ್ಕ ತಪ್ಪು ಬರೆದು ಅಭ್ಯಾಸ ಮಾಡಿಸಿ, ಯಾರಾದರೂ ಎದ್ದು ಹೇಳುವವರೆಗೆ ಕಾಯಿರಿ.