6,200 ಪೌಂಡ್ ಟ್ರೇಲರ್‌ಗೆ ಎಂತಹ ವಾಹನ, ಎಂತಹ ಹಿಚ್ (ಜೋಡಿಸುವ ಕೊಂಡಿ)?

ಪ್ರಶ್ನೆ:
ನಮಸ್ಕಾರ. ನಮ್ಮದು ಡೆನ್ವರ್‌ನಲ್ಲಿರುವ ನಾಲ್ವರ ಕುಟುಂಬ. ಖಾಲಿ ತೂಕ 4,800 ಪೌಂಡ್, ತುಂಬಿದ ಗರಿಷ್ಠ ತೂಕ 6,200 ಪೌಂಡ್ ಇರುವ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ) ಒಂದನ್ನು ನೋಡಿದ್ದೇವೆ. 5,000 ಪೌಂಡ್ ಎಳೆಯಬಲ್ಲ ನಮ್ಮ ಎಸ್‌ಯುವಿಯೇ ಸಾಕೆಂದು ಮಾರಾಟಗಾರರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1:
ಖಂಡಿತ ಸಾಲದು. ನೀರು, ಪಾತ್ರೆ, ಹಾಸಿಗೆ ಯಾವುದೂ ಇಲ್ಲದ ಖಾಲಿ ಟ್ರೇಲರ್ ಎಳೆದುಕೊಂಡು ಯಾರೂ ಪ್ರವಾಸ ಹೊರಡುವುದಿಲ್ಲ. ಲೆಕ್ಕಕ್ಕೆ ಗರಿಷ್ಠ ತೂಕವನ್ನೇ ಹಿಡಿಯಿರಿ. ಮೇಲಾಗಿ ನಿಮ್ಮೂರಿನ ಎತ್ತರದಲ್ಲಿ, ಹೆಚ್ಚು ಗಾಳಿ ತುಂಬುವ ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ತಗ್ಗುತ್ತದೆ.

ಉತ್ತರ 2:
ಪಿಕಪ್ ಕೊಳ್ಳುವುದಾದರೂ ಜಾಹೀರಾತಿನ ಅಂಕಿಗೆ ಮರುಳಾಗದೆ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಪೇಲೋಡ್ (ವಾಹನ ತನ್ನ ಮೇಲೆ ಹೊರಬಲ್ಲ ಜನ, ಸಾಮಾನಿನ ಒಟ್ಟು ತೂಕ) ಎಷ್ಟಿದೆಯೆಂದು ಓದಿ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್‌ನ ಮೇಲೆ ಕೂರುತ್ತದೆ. ಶೇ. 13 ಎಂದುಕೊಂಡರೆ ಸುಮಾರು 806 ಪೌಂಡ್. ಚೀಟಿಯಲ್ಲಿ 1,400 ಎಂದಿದ್ದರೆ ಉಳಿಯುವುದು 594 ಪೌಂಡ್ ಮಾತ್ರ. ನಾಲ್ವರು ಕುಳಿತು, ಹಿಚ್‌ನ ಸ್ವಂತ ತೂಕವನ್ನೂ ಸೇರಿಸಿ, ಹಿಂದೆ ಸಾಮಾನು ತುಂಬುವಷ್ಟರಲ್ಲಿ ಅದು ಮುಗಿದೇ ಹೋಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲಿಯೇ.

ಉತ್ತರ 3:
ಈ ಗಾತ್ರಕ್ಕೆ ಅಲುಗಾಟ ತಡೆಯುವ ವ್ಯವಸ್ಥೆಯಿರುವ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಒಳ್ಳೆಯದು. ಅದು ಹಿಂದಿನ ಅಚ್ಚಿನ ಭಾರದ ಒಂದು ಪಾಲನ್ನು ಮುಂದಿನ ಅಚ್ಚಿಗೂ ಟ್ರೇಲರ್‌ನ ಚಕ್ರಗಳಿಗೂ ಹಂಚುತ್ತದೆಯೇ ಹೊರತು ವಾಹನದ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ಟ್ರೇಲರ್‌ನ ಬ್ರೇಕನ್ನು ವಾಹನದಿಂದಲೇ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಮರೆಯಬೇಡಿ. ಕೊಂಡ ಮೇಲೆ ಎಲ್ಲವನ್ನೂ ತುಂಬಿ, ಟ್ರಕ್ ನಿಲ್ದಾಣದ ವಾಹನ ತೂಗುವ ವೇಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿ.